ಹದಿನೇಳನೆಯ ಪ್ರಶ್ನೆಯ ಅಮ್ಮ

ಐದು ವರ್ಷದೊಳಗಿನ ಮಕ್ಕಳ ಬೆಳವಣಿಗೆ ಮತ್ತು ಅಂಗವೈಕಲ್ಯ ಅಳೆಯುವ ಅಧ್ಯಯನದ ಮಾನ್ಯ ನಿರ್ದೇಶಕರೇ,

ನನ್ನ ಮಗಳು ತನ್ನ ತಾಯಿಯನ್ನು ಗುರುತಿಸುವುದಿಲ್ಲ ಎಂದು ತಮ್ಮ ಕಚೇರಿ ಮೊಹರು ಒತ್ತಿ ತಿಳಿಸಿದೆ. ಉಪಕಾರವಾಯಿತು. ಒಂದೇ ಮನೆಯಲ್ಲಿ ಮೂರು ವರ್ಷ ಇದ್ದರೂ ನಮಗೆ ಈ ಸುದ್ದಿ ಗೊತ್ತಿರಲಿಲ್ಲ. ಬಿದ್ದು ಮೊಣಕಾಲು ತರಚಿಕೊಂಡಾಗ ಅವಳು ಓಡಿಹೋಗಿ ಮುಖ ಹುದುಗಿಸುತ್ತಿದ್ದ ಮಡಿಲು ಯಾರೋ ದಾರಿಹೋಕ ಹೆಂಗಸಿನದು ಇರಬೇಕು. ರಾತ್ರಿ ಯಾರ ಕಿವಿ ಹಿಡಿದುಕೊಳ್ಳದೆ ನಿದ್ದೆ ಬರುವುದಿಲ್ಲವೋ, ಆ ಕಿವಿಯೂ ಬಾಡಿಗೆಯದೇ ಇದ್ದೀತು. ತಮ್ಮ ಹದಿನೇಳನೆಯ ಪ್ರಶ್ನೆಯ ಎದುರಿಗೆ ದುಂಡಗೆ ಒಂದು ಸೊನ್ನೆ ಇದೆ, ಸೊನ್ನೆಯ ಪಕ್ಕದಲ್ಲಿ ಷರಾ ಇದೆ, ಷರಾದ ಕೆಳಗೆ ಸಹಿ ಇದೆ. ಇಷ್ಟೆಲ್ಲ ಇದ್ದಮೇಲೆ ಹೆತ್ತವಳ ಸಾಕ್ಷಿ ಯಾರಿಗೆ ಬೇಕು?

ನಾನು ಅಮರೇಶ. ಕಮರಿಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಮುದ್ರಣಾಲಯ ನನ್ನದು. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡದಲ್ಲೇ ಬಿ.ಎ. ಮುಗಿಸಿ, ಕಂಡವರ ಮದುವೆಗೆ ಎರಡೆರಡು ಸಾಲಿನ ಪ್ರಾಸ ಹೊಸೆಯುತ್ತ ನಲವತ್ತಾರಕ್ಕೆ ಬಂದವನು. ಹೆಂಡತಿ ಭಾಗ್ಯಶ್ರೀ ಅದೇ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಅಕ್ಷರ ಜೋಡಿಸುತ್ತಾಳೆ. ಮದುವೆಯಾಗಿ ಹದಿನಾಲ್ಕು ವರ್ಷದ ಮೇಲೆ ಹುಟ್ಟಿದವಳು ದಾಕ್ಷಾಯಿಣಿ, ಮನೆಯಲ್ಲಿ ದಾಕ್ಷಿ. ನಾವಿಬ್ಬರೂ ಅಂಗಡಿಗೆ ಇಳಿದರೆ ಮೇಲಿನ ಮನೆಯಲ್ಲಿ ಅವಳನ್ನು ಆಡಿಸುತ್ತಿದ್ದವಳು ನನ್ನ ತಾಯಿ ಗೌರಕ್ಕ. ಹೋದ ನವೆಂಬರಿನಲ್ಲಿ ತೀರಿಕೊಂಡಳು. ಈಗ ಪಡಸಾಲೆಯ ಗೋಡೆಯ ಮೇಲೆ ಮಾಲೆ ಹಾಕಿಸಿಕೊಂಡು ಇದ್ದಾಳೆ.

ಇಷ್ಟು ಪರಿಚಯ ಸಾಕು. ಇನ್ನು ಪರೀಕ್ಷೆಗೆ ಬರೋಣ.

ಫೆಬ್ರುವರಿ ತಿಂಗಳಲ್ಲಿ ತಮ್ಮ ಕಚೇರಿಯ ಹುಡುಗಿಯೊಬ್ಬಳು ಮನೆಗೆ ಬಂದಳು. ಅವಳ ಹೆಸರನ್ನು ಬರೆಯುವುದಿಲ್ಲ. ಈ ಪತ್ರ ಓದಿ ತಾವು ಯಾರನ್ನಾದರೂ ಶಿಕ್ಷಿಸುವ ಮನಸ್ಸು ಮಾಡಿದರೆ ಕೈಗೆ ಸುಲಭವಾಗಿ ಸಿಗುವವಳು ಅವಳೊಬ್ಬಳೇ ಎಂದು ನನಗೆ ಗೊತ್ತು. ಕುಂದಗೋಳ ಕಡೆಯವಳು, ಗುತ್ತಿಗೆಯ ನೌಕರಿ, ಬೆನ್ನಿಗೊಂದು ಚೀಲ. ಚೀಲದಲ್ಲಿ ಕಟ್ಟಿಗೆಯ ತುಂಡುಗಳು, ಚಿತ್ರದ ಹಾಳೆಗಳು, ನಲವತ್ತು ಪ್ರಶ್ನೆಗಳ ನಮೂನೆ, ಜೊತೆಗೆ ನಮ್ಮ ಮಾತನ್ನೆಲ್ಲ ಧ್ವನಿಮುದ್ರಿಸಿಕೊಳ್ಳುವ ಒಂದು ಟ್ಯಾಬ್.

ನಾಲ್ಕನೆಯ ಪ್ರಶ್ನೆಗೆ ದಾಕ್ಷಿ ಕಟ್ಟಿಗೆಯ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕಿತ್ತು. ನಾಲ್ಕು ಪೇರಿಸಿದಳು. ಐದನೆಯದನ್ನು ಕಿವಿಗೆ ಹಿಡಿದು, ಭುಜ ಎತ್ತಿ, "ಹಲೋ, ಕಾರ್ಡು ಇನ್ನಾ ಆಗಿಲ್ರಿ, ನಾಳಿಗೆ ಬರ್ರಿ" ಎಂದಳು. ಇಪ್ಪತ್ತು ವರ್ಷದಿಂದ ನಾನು ಗಿರಾಕಿಗಳಿಗೆ ಹೇಳುತ್ತ ಬಂದ ಸುಳ್ಳು ಅದು. ಅಪ್ಪನ ದನಿ, ಅಪ್ಪನ ಧಾಟಿ, ಅಪ್ಪನ ಅಪ್ರಾಮಾಣಿಕತೆ, ಮೂರನ್ನೂ ಮೂರು ವರ್ಷದ ಕೂಸು ಒಂದು ತುಂಡು ಕಟ್ಟಿಗೆಯಲ್ಲಿ ತೋರಿಸಿತು. ನಮೂನೆಯಲ್ಲಿ ಬಿದ್ದದ್ದು: "ಐದನೆಯ ತುಂಡನ್ನು ಇಡಲಿಲ್ಲ. ಸೂಚನೆ ಪಾಲಿಸುವುದಿಲ್ಲ." ಚಿತ್ರ ನೋಡಿ ಹೆಸರು ಹೇಳುವಾಗ ಹಣಗಿ ಅಂದಳು, ಪುಸ್ತಕದಲ್ಲಿ ಬಾಚಣಿಗೆ ಎಂದಿತ್ತು, ಸೊನ್ನೆ. ಕಸಬರಗಿ ಅಂದಳು, ಪುಸ್ತಕದಲ್ಲಿ ಪೊರಕೆ ಎಂದಿತ್ತು, ಮತ್ತೆ ಸೊನ್ನೆ. ಹುಬ್ಬಳ್ಳಿಯಲ್ಲಿ ಹುಟ್ಟಿದ್ದಕ್ಕೆ ಕಟ್ಟಬೇಕಾದ ದಂಡವೆಂದು ಅವನ್ನೂ ಹೊಟ್ಟೆಗೆ ಹಾಕಿಕೊಂಡೆವು.

ಆಮೇಲೆ ಹದಿನೇಳನೆಯದು. ಭಾಗ್ಯಶ್ರೀಯ ತೊಡೆಯ ಮೇಲೆ ಕುಳಿತ ಮಗುವಿಗೆ ಆ ಹುಡುಗಿ ಅಚ್ಚಾದದ್ದನ್ನು ಅಚ್ಚಾದಂತೆ ಓದಿದಳು: "ಅಮ್ಮ ಎಲ್ಲಿದ್ದಾರೆ? ತೋರಿಸು."

ನಮ್ಮ ಮನೆಯಲ್ಲಿ, ನಮ್ಮ ಓಣಿಯ ಹೆಚ್ಚುಪಾಲು ಮನೆಗಳಲ್ಲಿ, ಹೆತ್ತವಳು ಅವ್ವ. ಅಮ್ಮ ಎಂದರೆ ಅಜ್ಜಿ. ಇದು ಯಾರೂ ಯಾರಿಗೂ ಕಲಿಸುವ ಸಂಗತಿಯಲ್ಲ. ಹಾಲು ಕುಡಿಯುತ್ತ ಕೂಸು ಇದನ್ನೂ ಕುಡಿದಿರುತ್ತದೆ. ದಾಕ್ಷಿ ಗೋಡೆಯ ಕಡೆ ಕೈಮಾಡಿ, "ಅಮ್ಮ ಅಲ್ಲಿ ಅದಾಳ" ಎಂದಳು. ಮಾಲೆಯೊಳಗಿಂದ ಗೌರಕ್ಕ ನೋಡುತ್ತಿದ್ದಳು.

ಹುಡುಗಿಯ ಪೆನ್ನು ನಿಂತಿತು. ಸರಿಯಾಗಿಯೇ ಹೇಳಿತಲ್ಲವಾ ಎಂದು ನಾನು ಕೇಳಿದ್ದಕ್ಕೆ ಅವಳು ಟ್ಯಾಬಿನ ಮೇಲೆ ಕೈಮುಚ್ಚಿ, ದನಿ ತಗ್ಗಿಸಿ ಹೇಳಿದಳು: "ನಮ್ಮ ಮನ್ಯಾಗೂ ಅವ್ವ ಅಂತನ ಅಂತೀವ್ರಿ ಕಾಕಾ. ಆದ್ರ ಅಚ್ಚಾದ ಶಬ್ದ ಬಿಟ್ಟು ಬ್ಯಾರೆ ಕೇಳೂಹಂಗಿಲ್ರಿ. ಆಮ್ಯಾಲ ಆಫೀಸಿನವ್ರು ಕುಂತು ಕೇಳ್ತಾರ. ಒಂದು ಶಬ್ದ ಫರಕ್ ಆದ್ರ ನನ್ನ ತಗದ ಹಾಕ್ತಾರ." ನಿಯಮದ ಪ್ರಕಾರ ಇನ್ನೊಂದು ಅವಕಾಶವಿತ್ತು. ಅದನ್ನು ಕೊಟ್ಟಳು. ಅಮ್ಮ ಎಲ್ಲಿದ್ದಾರೆ? ತೋರಿಸಿದ್ದು ಕಾಣದ ಇವಳಿಗೆ ಕಣ್ಣು ಮಂದವಿರಬೇಕು ಎಂದುಕೊಂಡ ದಾಕ್ಷಿ, ತೊಡೆಯಿಂದ ಇಳಿದು, ಕುರ್ಚಿ ಎಳೆದು, ಅದರ ಮೇಲೆ ಹತ್ತಿ ನಿಂತು, ಫೋಟೋದ ಗಾಜಿನ ಮೇಲೆ ಅಂಗೈ ಇಟ್ಟಳು. ಷರಾ: "ಎರಡು ಅವಕಾಶ ಕೊಟ್ಟರೂ ತಾಯಿಯನ್ನು ಗುರುತಿಸಲಿಲ್ಲ. ಕುಳಿತಲ್ಲಿ ಕೂರುವುದಿಲ್ಲ."

ನಿರ್ದೇಶಕರೇ, ಸಾವು ಕಂಡು ಮೂರೇ ತಿಂಗಳಾದ ಕೂಸು ಸತ್ತವಳು ಎಲ್ಲಿದ್ದಾಳೆ ಎಂದು ಕೇಳಿದವರಿಗೆ ಕುರ್ಚಿ ಹತ್ತಿ ತೋರಿಸಿದೆ. ನೆನಪು, ನುಡಿ, ನಂಟು, ನಿಂತು ತಲುಪುವ ಶಕ್ತಿ, ಕೇಳಿದವರ ದಡ್ಡತನ ಸಹಿಸುವ ತಾಳ್ಮೆ, ಎಲ್ಲವೂ ಆ ಒಂದು ಉತ್ತರದಲ್ಲಿ ಇತ್ತು. ಕೇಳಿದ್ದು ಅಮ್ಮ, ತೋರಿಸಿದ್ದು ಅಮ್ಮ, ತಪ್ಪಿದ್ದು ಯಾರಮ್ಮ? ಪ್ರಾಸ ಕೂಡಿದ್ದಕ್ಕೆ ಕ್ಷಮಿಸಿ, ಅದು ನನ್ನ ಚಾಳಿ. ತಮ್ಮದು ಅಂಕಿ ಕೂಡಿಸುವ ಚಾಳಿ. ನನ್ನ ಚಾಳಿಯಿಂದ ಇಲ್ಲಿಯತನಕ ಯಾರ ಮನೆಯೂ ಒಡೆದಿಲ್ಲ.

ಈಗ ನಾನೊಂದು ತಪ್ಪೊಪ್ಪಿಗೆ ಕೊಡಬೇಕು. ತಮ್ಮನ್ನು ಮಾತ್ರ ಬೈದು ನಾನು ಪಾರಾಗುವ ಹಾಗಿಲ್ಲ. ಆ ನಮೂನೆ ಅಚ್ಚಾದದ್ದು ನನ್ನದೇ ಮುದ್ರಣಾಲಯದಲ್ಲಿ. ಅಕ್ಷರ ಜೋಡಿಸಿದವಳು ಭಾಗ್ಯಶ್ರೀ. ಹದಿನೇಳನೆಯ ಪ್ರಶ್ನೆಗೆ ಬಂದಾಗ ಅವಳು ಕೈ ತಡೆದು, "ರೀ, ಇಲ್ಲಿ ಅವ್ವ ಆಗಬೇಕಲ್ರಿ? ಹಿಂಗ ಕೇಳಿದ್ರ ನಮ್ಮ ದಾಕ್ಷಿ ನಿಮ್ಮವ್ವನ್ನ ತೋರಿಸ್ತಾಳ" ಎಂದು ನಕ್ಕಳು. ಆಗ ನನ್ನ ತಾಯಿ ಇನ್ನೂ ಇದ್ದಳು, ಮೇಲಿನ ಮನೆಯಲ್ಲಿ ಕೂಸಿಗೆ ರೊಟ್ಟಿ ಚೂರು ಮಾಡಿ ಹಾಲಿನಲ್ಲಿ ನೆನೆಸುತ್ತಿದ್ದಳು. ನಾನು ತಮ್ಮ ಕಚೇರಿಗೆ ಫೋನು ಮಾಡಿದೆ. ಫೋನು ಎತ್ತಿದವರು ಅನುವಾದ ಸಮಿತಿಯವರು. ಮೂಲದಿಂದ ಕನ್ನಡಕ್ಕೆ ತಂದು, ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ಒಯ್ದು, ಎರಡೂ ಇಂಗ್ಲಿಷು ತಾಳೆಯಾದ ಮೇಲೆಯೇ ಒಪ್ಪಿಗೆ ಸಿಕ್ಕಿದೆ, ಇನ್ನು ಒಂದು ಅಕ್ಷರವೂ ಕದಲುವ ಹಾಗಿಲ್ಲ ಎಂದರು. ಇಂಗ್ಲಿಷಿನಲ್ಲಿ ಅಮ್ಮನೂ ತಾಯಿ, ಅವ್ವನೂ ತಾಯಿ. ತಾಳೆಯಾಗದೆ ಏನು ಮಾಡೀತು? ಕಮರಿಪೇಟೆಯಲ್ಲಿ ತಾಳೆ ನೋಡಿದ್ದೀರಾ ಎಂದು ಕೇಳಿದೆ. ಅವರು ಕೇಳಿದರು: "ನೀವು ಅಚ್ಚು ಹಾಕೋರೋ, ಅಧ್ಯಯನ ಮಾಡೋರೋ?"

ನಾನು ಅಚ್ಚು ಹಾಕುವವನು. ಅದಕ್ಕೇ ಅಚ್ಚು ಹಾಕಿದೆ. ವರನ ಹೆಸರಿನಲ್ಲಿ ಒಂದು ಕೊಂಬು ತಪ್ಪಿದರೆ ಐನೂರು ಕಾರ್ಡು ಹರಿದು ಮತ್ತೆ ಅಚ್ಚು ಹಾಕುವ ಮನುಷ್ಯ, ಕಣ್ಣೆದುರು ತಪ್ಪು ಶಬ್ದ ಇಟ್ಟುಕೊಂಡು ಮೂರು ಸಾವಿರ ಪ್ರತಿ ತೆಗೆದು, ಕಟ್ಟು ಕಟ್ಟಿ ಕಳಿಸಿದೆ. ಸಮಿತಿಗೆ ಮಿತಿಯಿಲ್ಲ, ನನಗೆ ಮತಿಯಿಲ್ಲ. ಹೀಗೆ ಒಬ್ಬ ತಾಯಿ ತಾನು ನಪಾಸಾಗಬೇಕಾದ ಪ್ರಶ್ನೆಯನ್ನು ತನ್ನ ಬೆರಳಿನಿಂದಲೇ ಜೋಡಿಸಿದಳು, ಗಂಡ ಅದರ ಕರಡು ತಿದ್ದಿದ, ಅಂದರೆ ತಿದ್ದಲಿಲ್ಲ.

ಏಪ್ರಿಲ್ ತಿಂಗಳಲ್ಲಿ ತಮ್ಮ ಚೀಟಿ ಬಂತು. "ಬೆಳವಣಿಗೆಯಲ್ಲಿ ವಿಳಂಬದ ಸಂಭವ. ಸಾಮಾಜಿಕ ಸಂವಹನ ಕಡಿಮೆ. ತಾಯಿಯನ್ನು ಗುರುತಿಸುವುದಿಲ್ಲ." ಅದರ ನಕಲು ನಮ್ಮ ಓಣಿಯ ಅಂಗನವಾಡಿಗೂ ಹೋಯಿತು. ಗುಟ್ಟು ಕಾಯುತ್ತೇವೆ ಎಂದು ತಾವು ನಮ್ಮಿಂದ ಸಹಿ ಮಾಡಿಸಿಕೊಂಡ ಕಾಗದ ಇನ್ನೂ ನನ್ನ ಬಳಿ ಇದೆ. ಆ ಕಾಗದವೂ ನನ್ನದೇ ಅಚ್ಚು, ತಪ್ಪಿಲ್ಲದೆ ಬಂದಿದೆ. ಅಂಗನವಾಡಿಯಲ್ಲಿ ಚೀಟಿಯನ್ನು ಗಟ್ಟಿಯಾಗಿ ಓದಿದರು. ಎರಡೇ ದಿನದಲ್ಲಿ ಸುದ್ದಿ ಓಣಿ ದಾಟಿ ಬೈರಿದೇವರಕೊಪ್ಪದಲ್ಲಿರುವ ನನ್ನ ಅಕ್ಕ ಲಕ್ಷ್ಮೀಬಾಯಿಯ ಕಿವಿಗೆ ಬಿತ್ತು. ಅಕ್ಕ ಆಟೋ ಹತ್ತಿ ಬಂದಳು. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಭಾಗ್ಯಶ್ರೀಗೆ ಹೇಳಿದ ಮಾತು ಇದು: "ಸಿಟ್ಟಾಗಬ್ಯಾಡ ಭಾಗ್ಯಾ. ಹಗಲೆಲ್ಲಾ ಅಂಗಡ್ಯಾಗ ಕುಂತ್ರ ಕೂಸಿಗೆ ತಾಯಿ ಗುರುತು ಹೆಂಗ ಸಿಗ್ತೈತಿ? ನಮ್ಮವ್ವ ಜ್ವಾಕಿ ಮಾಡ್ಯಾಳ, ಅದಕ್ಕ ನಮ್ಮವ್ವನ್ನ ತೋರಿಸೈತಿ. ಸರ್ಕಾರದವರು ಸುಮ್ಮಸುಮ್ಮನ ಬರೀತಾರೇನು?"

ನಾನು ಶಬ್ದದ ವಿಷಯ ವಿವರಿಸಿದೆ. ಅಕ್ಕನಿಗೆ ಅದು ಅರ್ಥವೂ ಆಯಿತು. ಅರ್ಥವಾದ ಮೇಲೂ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೊಹರಿನ ಎದುರು ವ್ಯಾಕರಣ ಎಷ್ಟು ಹೊತ್ತು ನಿಲ್ಲುತ್ತದೆ? ಭಾಗ್ಯಶ್ರೀ ಅಕ್ಕನ ಬಟ್ಟಲು ತೊಳೆದಿಟ್ಟಳು. ಮರುದಿನದಿಂದ ಅಂಗಡಿಗೆ ಇಳಿಯಲಿಲ್ಲ. ಪ್ರಶ್ನೆಯಲ್ಲಿ ತಪ್ಪಿದೆ ಎಂದು ಮೊದಲು ಕಂಡುಹಿಡಿದವಳು ಅವಳೇ. ಆದರೂ ಉತ್ತರ ತಿದ್ದಲು ಹೊರಟಳು. ಜುಲೈಯಲ್ಲಿ ಮರುಪರೀಕ್ಷೆ ಇದೆ ಎಂದು ತಮ್ಮ ಚೀಟಿಯ ಕೊನೆಗೆ ಬರೆದಿತ್ತಲ್ಲ, ಮಗಳನ್ನು ಅದಕ್ಕೆ ತಯಾರು ಮಾಡಿದಳು. ಮೊದಲಿಗೆ ಗೋಡೆಯ ಮೇಲಿನ ಫೋಟೋ ಇಳಿಸಿ ಕಪಾಟಿನಲ್ಲಿಟ್ಟಳು, ತಪ್ಪು ಉತ್ತರವೇ ಎದುರಿಗೆ ಇರಬಾರದೆಂದು. ಆಮೇಲೆ ಮಗು ಅವ್ವಾ ಎಂದರೆ ಓಗೊಡುವುದನ್ನು ನಿಲ್ಲಿಸಿದಳು. ಅಮ್ಮ ಅನ್ನು, ಅಂದರೆ ಎತ್ತಿಕೊಳ್ಳುತ್ತೇನೆ. ಅಮ್ಮ ಅನ್ನು, ಅಂದರೆ ಬೆಲ್ಲ ಕೊಡುತ್ತೇನೆ. ಇದು ನಿರ್ದಯ ಎಂದು ತಮಗೆ ಅನ್ನಿಸಿದರೆ, ಈ ಪಾಠದ ಪುಸ್ತಕ ಬರೆದವರು ಯಾರು ಎಂದು ಒಮ್ಮೆ ವಿಚಾರ ಮಾಡಿ.

ದಾಕ್ಷಿ ನಾಲ್ಕು ದಿನ ಹಠ ಮಾಡಿದಳು. ಅವ್ವಾ, ಅವ್ವಾ ಎಂದು ಸೀರೆ ಜಗ್ಗಿದಳು. ಭಾಗ್ಯಶ್ರೀ ಒಲೆಯ ಕಡೆ ಮುಖ ಮಾಡಿ ನಿಂತಳು. ಐದನೆಯ ದಿನ ಮಗು ಬರಿದಾದ ಗೋಡೆಯನ್ನು ನೋಡಿ, ತಾಯಿಯ ಎರಡೂ ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಹೇಳಿತು:

"ನೀ ಅಮ್ಮ ಆಗಬ್ಯಾಡ. ಅಮ್ಮ ಆದ್ರ ಫೋಟೋದಾಗ ಹೊಕ್ಕಿ."

ತಮ್ಮ ನಲವತ್ತು ಪ್ರಶ್ನೆಗಳಲ್ಲಿ ಈ ಮಾತಿಗೆ ಅಂಕ ಕೊಡುವ ಒಂದು ಪ್ರಶ್ನೆಯೂ ಇಲ್ಲ. ನಾನು ಹುಡುಕಿದೆ, ಪ್ರತಿಗಳು ನನ್ನ ಹತ್ತಿರವೇ ಇವೆಯಲ್ಲ. ಭಾಗ್ಯಶ್ರೀ ಕೂಸನ್ನು ಅವುಚಿಕೊಂಡು ಕೂತಳು, ನಾನಿನ್ನು ಅವ್ವನೇ, ಅವ್ವ ಅಂತಲೇ ಕರೆ ಎಂದು ಅಂಗಲಾಚಿದಳು. ಹೊತ್ತು ಮೀರಿತ್ತು. ಒಂದು ಶಬ್ದ ಅಂದರೆ ತಾಯಿ ಮುಖ ತಿರುಗಿಸುತ್ತಾಳೆ, ಇನ್ನೊಂದು ಅಂದರೆ ಸಾಯುತ್ತಾಳೆ. ಎರಡರಲ್ಲಿ ಯಾವುದನ್ನು ಆರಿಸುವುದು? ಮೂರು ವರ್ಷದವಳಾದರೂ ಜಾಣೆ, ಎರಡನ್ನೂ ಬಿಟ್ಟಳು. ಈಗ ಏನಾದರೂ ಬೇಕಾದರೆ ಬಂದು ಸೆರಗು ಜಗ್ಗುತ್ತಾಳೆ. ಕರೆಯುವುದಿಲ್ಲ.

ಜುಲೈಯಲ್ಲಿ ಮರುಪರೀಕ್ಷೆಗೆ ಬೇರೆಯವರು ಬಂದರು. ಹದಿನೇಳನೆಯ ಪ್ರಶ್ನೆ ಕೇಳಿದರು. ದಾಕ್ಷಿ ಬಾಯಿ ಬಿಗಿದು ನೆಲ ನೋಡಿದಳು. ಷರಾ: "ಪ್ರತಿಕ್ರಿಯೆ ಇಲ್ಲ. ಹಿಂದಿನ ಭೇಟಿಗೆ ಹೋಲಿಸಿದರೆ ಹಿನ್ನಡೆ." ಅಭಿನಂದನೆಗಳು, ನಿರ್ದೇಶಕರೇ. ಫೆಬ್ರುವರಿಯಲ್ಲಿ ತಾವು ಬರೆದದ್ದು ಸುಳ್ಳಾಗಿತ್ತು. ಐದೇ ತಿಂಗಳಲ್ಲಿ ಅದನ್ನು ಅರ್ಧ ನಿಜ ಮಾಡಿ ತೋರಿಸಿದಿರಿ. ಇಷ್ಟು ಪರಿಣಾಮಕಾರಿಯಾದ ಅಳತೆಗೋಲು ಜಗತ್ತಿನಲ್ಲಿ ಇನ್ನೊಂದು ಇರಲಾರದು: ಅಳೆಯುತ್ತಲೇ ಮಗುವನ್ನು ಕುಳ್ಳಗೆ ಮಾಡುತ್ತದೆ.

ಇಂಥ ಅಧ್ಯಯನವೇ ಬೇಡ ಎನ್ನುವವನು ನಾನಲ್ಲ. ಬೇಕೆಂದು ಹೇಳುವುದಕ್ಕೆ ನಮ್ಮ ಪಕ್ಕದ ಮನೆಯೇ ಸಾಕು. ಇಸ್ತ್ರಿ ಅಂಗಡಿಯ ಮಡಿವಾಳಪ್ಪನ ಮಗ ಕಪಿಲನಿಗೆ ನಾಲ್ಕು ವರ್ಷ. ಅದೇ ದಿನ, ಅದೇ ಹುಡುಗಿ, ಅದೇ ನಮೂನೆ. ಹೆಸರು ಕರೆದರೆ ಮಗು ತಿರುಗುತ್ತದೆಯೇ ಎಂಬ ಪ್ರಶ್ನೆಗೆ ಮಡಿವಾಳಪ್ಪ, ತಿರುಗುತ್ತಾನೆ ಎಂದ. ಸುಳ್ಳಲ್ಲ. ಆದರೆ ಮಡಿವಾಳಪ್ಪ ಮಗನನ್ನು ಕರೆಯುವಾಗ ಇಸ್ತ್ರಿಪೆಟ್ಟಿಗೆಯನ್ನು ಮೇಜಿಗೆ ಧಡಕ್ಕನೆ ಕುಟ್ಟಿ ಕರೆಯುತ್ತಾನೆ, ಮೇಜಿನ ಕಾಲು ಹಿಡಿದು ಆಡುವ ಕಪಿಲ ಮೇಜು ನಡುಗಿದಾಗ ತಿರುಗುತ್ತಾನೆ. ಯಾವಾಗಿನಿಂದ ಹೀಗೆ ಕುಟ್ಟುವುದು ರೂಢಿಯಾಯಿತು ಎಂದು ಅವನಿಗೇ ನೆನಪಿಲ್ಲ. ಕಿವಿ ಕೇಳದ ಮಗುವಿಗಾಗಿ ತಂದೆಯ ಕೈ ತಾನಾಗಿಯೇ ಒಂದು ಉಪಾಯ ಕಂಡುಕೊಂಡಿತ್ತು. ಆ ಕೈಯನ್ನು ನೋಡಬೇಕಾದ ತಮ್ಮವರು ಅವನ ಬಾಯನ್ನು ಕೇಳಿ ಪೂರ್ತಿ ಅಂಕ ಬರೆದುಕೊಂಡು ಹೋದರು. ಆಗಸ್ಟಿನಲ್ಲಿ ಕಿವಿ ಡಾಕ್ಟರು ನೋಡಿ, ಆರು ತಿಂಗಳು ಮೊದಲೇ ತರಬೇಕಿತ್ತು ಎಂದರಂತೆ. ಆರು ತಿಂಗಳು ಮೊದಲೇ ತಾವು ಬಂದಿದ್ದಿರಿ. ಮಾತು ಬಲ್ಲ ಮಗು ಮಂಕು, ಕಿವಿ ಕೇಳದ ಮಗು ಚುರುಕು. ಜರಡಿ ಹಿಡಿದವರು ಹಿಟ್ಟನ್ನು ಚೆಲ್ಲಿ ಹೊಟ್ಟನ್ನು ಡಬ್ಬಿಗೆ ತುಂಬಿದರೆ ರೊಟ್ಟಿ ತಟ್ಟುವವರ ಗತಿ ಏನು?

ಇದನ್ನೆಲ್ಲ ಹೇಳಲು ನಾನು ಧಾರವಾಡದ ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಎರಡನೆಯ ಸಲ ಬಂದಾಗ ತಾವು ಅದೇ ಸಭೆಯಲ್ಲಿದ್ದಿರಿ. ಅಂಕಿಅಂಶದ ವಿಭಾಗದವರು ಕೂರಿಸಿ ನೀರು ಕೊಟ್ಟರು. ಒಳ್ಳೆಯ ಜನ, ತಂಪು ನೀರು. ದತ್ತಾಂಶ ಲಾಕ್ ಆಗಿದೆ, ಇನ್ನು ತೆರೆಯಲು ಬರುವುದಿಲ್ಲ ಎಂದರು. ನಾನು ದಾಕ್ಷಿಯ ಕತೆ ಪೂರ್ತಿ ಹೇಳಿದೆ. ಕೇಳಿಸಿಕೊಂಡು, ಸಮಾಧಾನ ಮಾಡುವ ದನಿಯಲ್ಲಿ ಅವರು ಹೇಳಿದರು: "ಟೆನ್ಷನ್ ಮಾಡ್ಕೋಬೇಡಿ ಸರ್. ಒಂದು ಮಗುವಿನಿಂದ ನಮ್ಮ ಸರಾಸರಿ ಏನೂ ಬದಲಾಗಲ್ಲ."

ಸಮಾಧಾನವಾಯಿತು ಎಂದು ಸುಳ್ಳು ಹೇಳಲಾರೆ. ತಮ್ಮ ಸರಾಸರಿಯಲ್ಲಿ ಮೂರು ಸಾವಿರ ಮಕ್ಕಳಿದ್ದಾರೆ. ನಮ್ಮ ಮನೆಯ ಸರಾಸರಿಯಲ್ಲಿ ಇರುವುದು ಒಂದೇ. ಅಲ್ಲದೆ ಅದೊಂದೇ ಎಂದು ತಮಗೆ ಹೇಳಿದವರು ಯಾರು? ಹುಬ್ಬಳ್ಳಿಯ ಎಷ್ಟು ಓಣಿಗಳಲ್ಲಿ ಎಷ್ಟು ಕೂಸುಗಳು ಅಮ್ಮ ಎಂದ ಕೂಡಲೇ ತಾಯಿಯ ತೊಡೆ ಬಿಟ್ಟು ಅಜ್ಜಿಯ ಕಡೆ ಕೈಮಾಡಿದವೋ, ಎಷ್ಟು ಮನೆಗಳಲ್ಲಿ ಅಜ್ಜಿ ಹೆಮ್ಮೆಯಿಂದ ಹತ್ತಿರ ಬಂದು ನಿಂತು ತನ್ನ ಮೊಮ್ಮಗುವಿನ ಸೊನ್ನೆಗೆ ತಾನೇ ಕಾರಣಳಾದಳೋ, ಎಣಿಸಿದ್ದೀರಾ? ನಾಳೆ ತಮ್ಮ ವರದಿ ಹೊರಬರುತ್ತದೆ. ಉತ್ತರ ಕರ್ನಾಟಕದ ಮಕ್ಕಳಲ್ಲಿ ತಾಯಿಯೊಡನೆ ಬಾಂಧವ್ಯ ಕಡಿಮೆ ಎಂದು ಒಂದು ಕೋಷ್ಟಕ ಇರುತ್ತದೆ. ಅದರ ಮೇಲೆ ವಿಚಾರಗೋಷ್ಠಿ, ಗೋಷ್ಠಿಯ ನಡುವೆ ಊಟ, ಊಟದ ಮೇಲೆ ಹಾರ. ಒಂದು ಶಬ್ದದ ಅಂತರದಲ್ಲಿ ಒಂದು ಸೀಮೆಯ ಹೆಂಗಸರನ್ನೆಲ್ಲ ತಾಯ್ತನದಿಂದ ವಜಾ ಮಾಡಿದ ಕೀರ್ತಿ ತಮ್ಮದಾಗುತ್ತದೆ. ಆಮಂತ್ರಣ ಪತ್ರಿಕೆ ಮಾತ್ರ ನನ್ನಲ್ಲಿ ಅಚ್ಚು ಹಾಕಿಸಬೇಡಿ.

ನನ್ನ ಬೇಡಿಕೆ ದೊಡ್ಡದಲ್ಲ. ದಾಕ್ಷಾಯಿಣಿಯ ಹೆಸರಿನ ಎದುರಿಗಿರುವ ಫೆಬ್ರುವರಿ, ಜುಲೈ ಎರಡೂ ಸಲದ ಷರಾಗಳನ್ನು ಹೊಡೆದುಹಾಕಿ, ಹೊಡೆದುಹಾಕಿದ್ದೇವೆ ಎಂದು ಅಂಗನವಾಡಿಗೆ ಅದೇ ಮೊಹರಿನಲ್ಲಿ ಬರೆಯಿರಿ. ಅದನ್ನೂ ಗಟ್ಟಿಯಾಗಿಯೇ ಓದಲಿ. ಅಮ್ಮ ಎಂದು ಕೇಳಿ ಸೊನ್ನೆ ಕೊಟ್ಟ ಪ್ರತಿಯೊಂದು ಮನೆಗೂ ಮತ್ತೆ ಹೋಗಿ, ಆ ಮನೆಯಲ್ಲಿ ತಾಯಿಗೆ ಏನನ್ನುತ್ತಾರೆ ಎಂದು ಮೊದಲು ವಿಚಾರಿಸಿ, ಆಮೇಲೆ ಕೇಳಿರಿ. ತನ್ನ ಮನೆಯಲ್ಲೂ ಅವ್ವ ಅನ್ನುವ ಆ ಗುತ್ತಿಗೆಯ ಹುಡುಗಿಗೆ ಅವ್ವ ಎಂದು ಕೇಳುವ ಅಧಿಕಾರ ಕೊಡಿ. ಕಪಿಲನಂಥವರ ಮನೆಯಲ್ಲಿ ತಂದೆಯ ಬಾಯಿಗಿಂತ ಕೈ ನೋಡಿರಿ. ಹದಿನೇಳನೆಯ ಪ್ರಶ್ನೆಯನ್ನು ತಿದ್ದಿ ಕೊಟ್ಟರೆ ನಾನು ಹೊಸದಾಗಿ ಅಚ್ಚು ಹಾಕಿ, ನಾನೇ ಹೊತ್ತು ತಂದು ತಮ್ಮ ಬಾಗಿಲಿಗೆ ಇಳಿಸುತ್ತೇನೆ.

ಇನ್ನೊಂದು. ನಮ್ಮ ಮನೆಗೆ ಮಾತ್ರ ಯಾರನ್ನೂ ಕಳಿಸಬೇಡಿ, ತಾವೇ ಬನ್ನಿ. ಚೀಲ ಬೇಡ, ಟ್ಯಾಬ್ ಬೇಡ. ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು, ಮಗುವಿನ ಮುಖ ನೋಡಿ, ನಿನ್ನ ಅವ್ವ ಎಲ್ಲಿದ್ದಾಳೆ ಎಂದು ತಮ್ಮ ಬಾಯಿಂದಲೇ ಕೇಳಿರಿ. ಭಾಗ್ಯಶ್ರೀ ಎದುರಿಗೇ ಕುಳಿತಿರುತ್ತಾಳೆ. ನಾಲ್ಕು ತಿಂಗಳಿನಿಂದ ಅವಳು ಆ ಒಂದು ಕೂಗಿಗಾಗಿ ಕಿವಿ ತೆರೆದುಕೊಂಡೇ ರೊಟ್ಟಿ ಬಡಿಯುತ್ತಿದ್ದಾಳೆ. ದಾಕ್ಷಿ ಕೈಮಾಡಿ ತೋರಿಸಿದರೆ ತಮ್ಮ ಪಾಪ ಕಳೆಯಿತು, ಚಹಾ ಕುಡಿದು ಹೋಗಿ. ಅವಳು ಮತ್ತೆ ನೆಲ ನೋಡಿ ಸುಮ್ಮನಾದರೆ, ಆ ಮೌನ ಎಷ್ಟು ಹೊತ್ತು ಇರುತ್ತದೋ ಅಷ್ಟೂ ಹೊತ್ತು ಭಾಗ್ಯಶ್ರೀಯ ಮುಖ ನೋಡುತ್ತ ಕೂರಿರಿ. ಆಮೇಲೆ ಸೊನ್ನೆ ಬರೆಯಬಹುದು. ಯಾರ ಹೆಸರಿನ ಮುಂದೆ ಬರೆಯಬೇಕೆಂದು ತಮಗೆ ಆಗ ಸಮಿತಿ ಹೇಳಿಕೊಡಬೇಕಾಗಿಲ್ಲ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಮಗಳಿಗೆ ಪರಿಚಯವಿಲ್ಲದ ಹೆಂಗಸಿನ ಗಂಡ,
ಅಮರೇಶ, ತಪ್ಪು ಗೊತ್ತಿದ್ದೂ ಅಚ್ಚು ಹಾಕಿದವನು
ಕಮರಿಪೇಟೆ, ಹುಬ್ಬಳ್ಳಿ